ಚಿಕ್ಕಮ್ಮ ಸೋಮವಾರವನ್ನು ಬಿಟ್ಟದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಶಿಬಿರ ನಡೆದ ಹಾಸ್ಟೆಲಿನ ಅಂಗಳದಲ್ಲಿ ಇದ್ದದ್ದು ಹೊಂಗೆ ಮರವೋ ಬೇವಿನ ಮರವೋ ಎಂದು ಕೇಳಿದರೆ ಹೊಂಗೆ ಎನ್ನುತ್ತೇನೆ, ಆದರೆ ಆಣೆ ಮಾಡಿ ಹೇಳಲಾರೆ. ಆ ಬೇಸಿಗೆಯಲ್ಲೂ ದಿನಚರಿ ಬರೆಯುತ್ತಿದ್ದೆ. ಅದರಲ್ಲಿರುವುದು ಬಹುಪಾಲು ಬಿಸಿಲಿನ ವಿಷಯ, ಬೋರ್‌ವೆಲ್ ಕೈಕೊಟ್ಟ ವಿಷಯ. ಮುಖ್ಯವಾದದ್ದು ಏನೋ ನಡೆಯುತ್ತಿದೆ ಎಂದು ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದ ಸಂಗತಿ ಹಿಂದಕ್ಕೆ ಹೋಗಿ ನನ್ನ ನೆನಪುಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಟ್ಟಿದೆಯೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಖಚಿತವಾಗಿ ಗೊತ್ತಿರುವುದು ಇಷ್ಟು. ನನ್ನ ತಾಯಿಯ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಆ ಬೇಸಿಗೆಯಲ್ಲಿ ಕೆಲವು ವಾರ ಅಂಗವಿಕಲರ ಶಿಬಿರದಲ್ಲಿದ್ದಳು. ಅವಳಿಗೆ ನಲವತ್ತು ದಾಟಿತ್ತು. ಬುದ್ಧಿ ಮಾತ್ರ ಪುಟ್ಟ ಮಗುವಿನದು. ಅಜ್ಜಿ ಇರುವವರೆಗೂ ಅವಳಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಲ್ಲ ಅಜ್ಜಿಯೇ. ಅಜ್ಜಿ ತೀರಿಕೊಂಡ ಮೇಲೆ ಅದೆಲ್ಲ ಶೆಟ್ಟಿಕೆರೆ ಹತ್ತಿರದ ತೋಟದ ಮನೆಯಲ್ಲಿರುವ ನನ್ನ ಸೋದರಮಾವ ಮತ್ತು ಅತ್ತೆಯ ಪಾಲಿಗೆ ಬಂತು. ಅತ್ತೆಗೆ ಕೀಲುವಾತ. ಒಂದು ಚೊಂಬು ನೀರೆತ್ತುವಾಗಲೂ ಹಲ್ಲು ಕಚ್ಚುತ್ತಾರೆ.

"ತನ್ ಮೈ ತಾನು ತೊಳ್ಕಂಡು, ತನ್ ಪಾಡಿಗೆ ತಾನು ಮಲಗೋದು ಕಲಿತ್ರೆ ಸಾಕು ಕಣೇ, ಇಲ್ಲೇ ಇರ್ಲಿ. ಇಲ್ದಿದ್ರೆ ಎಲ್ಲಾದ್ರೂ ಸೇರಿಸ್ಬೇಕಾಯ್ತದೆ. ನನ್ ಕೈಲಿ ಆಗಲ್ಲ," ಎಂದಿದ್ದರು ಅತ್ತೆ. ನಾನು ಏನೋ ಸಮಾಧಾನ ಹೇಳಲು ಹೋದಾಗ, "ಅಷ್ಟು ಕಕ್ಕುಲಾತಿ ಇದ್ರೆ ನೀನೇ ಇಟ್ಕಂಡು ನೋಡು," ಎಂದು ಕುಟುಕಿದ್ದರು. ಮಾವ ಏನೂ ಹೇಳಿರಲಿಲ್ಲ. ನನ್ನ ತಾಯಿ ಇಲ್ಲ. ನಾನು ತುರುವೇಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಇರುವುದು ಒಂದೇ ಕೋಣೆಯ ಬಾಡಿಗೆ ಮನೆ. ಚಿಕ್ಕಮ್ಮನನ್ನು ಅಲ್ಲಿಟ್ಟುಕೊಂಡರೆ ಪಾಠಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗಬೇಕು.

ಹಾಗಾಗಿ ಶಿಬಿರದ ಸುದ್ದಿ ಸಿಕ್ಕಾಗ ನಾನೇ ಓಡಾಡಿ ಅವಳನ್ನು ಸೇರಿಸಿದೆ. ಬೇಸಿಗೆ ರಜೆ ಇದ್ದದ್ದರಿಂದ ನಾನೂ ಸಹಾಯಕಿಯಾಗಿ ಅಲ್ಲೇ ಉಳಿದೆ. ಚಿಕ್ಕಮ್ಮ ಅಷ್ಟು ಕಲಿತು ಮನೆಗೆ ಹೋಗಬೇಕು, ಮನೆಯಲ್ಲೇ ಉಳಿಯಬೇಕು. ನನಗಿದ್ದ ಆಸೆ ಅದೊಂದೇ.

ತಿಪಟೂರಿನಿಂದ ಹಾಲ್ಕುರಿಕೆಗೆ ಹೋಗುವ ಕಡೆ, ರಜೆಗೆ ಖಾಲಿ ಬಿದ್ದ ಒಂದು ಹಾಸ್ಟೆಲಿನಲ್ಲಿ ಶಿಬಿರ. ಸುತ್ತ ತೆಂಗಿನ ತೋಟ. ಆ ವರ್ಷ ಗರಿಗಳಿಗೆಲ್ಲ ಹುಳು ಬಿದ್ದು, ತೋಟ ಬೆಂಕಿಗೆ ಸಿಕ್ಕಂತೆ ಕಂದಾಗಿತ್ತು. ಅಲ್ಲಿ ವಾರಕ್ಕೆ ಒಂದು ಚಕ್ರವಿತ್ತು. ಸೋಮವಾರ ಕೆಲಸ ಶುರು: ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುವುದು. ಮಂಗಳವಾರ ಎಣ್ಣೆ ನೀರು, ಉಗುರು ಕತ್ತರಿಸುವುದು. ಗುರುವಾರ ಕೈಕಾಲಿನ ವ್ಯಾಯಾಮ ಮಾಡಿಸುವವರು ಬರುತ್ತಿದ್ದರು. ಒಂದೊಂದು ವಾರ ಬರುತ್ತಿರಲಿಲ್ಲ. ಶನಿವಾರ ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಅಂದು ಮಧ್ಯಾಹ್ನದ ಮೇಲೆ, ಹರಾಜು ಮುಗಿಸಿದ ಮನೆಯವರು ಬಂದು ತಮ್ಮವರನ್ನು ಕರೆದೊಯ್ದು, ಭಾನುವಾರ ಸಂಜೆ ತಂದು ಬಿಡುತ್ತಿದ್ದರು.

ಚಿಕ್ಕಮ್ಮ ಶನಿವಾರ ಊಟ ಮುಗಿದ ಕೂಡಲೇ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಗೇಟಿನ ಬಳಿ ಕೂರುತ್ತಿದ್ದಳು. ಮಾವ ಬಂದಾಗ ಅವಳು ಮೊದಲು ಮಾಡುತ್ತಿದ್ದ ಕೆಲಸ ಅವನ ಅಂಗಿಯ ತೋಳನ್ನು ಮೂಸುವುದು. ಗೋಣಿಚೀಲದ ದೂಳು, ಕೊಬ್ಬರಿ ಎಣ್ಣೆಯ ಜಿಡ್ಡು. "ಅಣ್ಣ," ಎಂದು ನಮ್ಮೆಲ್ಲರಿಗೂ ತೋರಿಸುತ್ತಿದ್ದಳು, ನಾವು ಅವನನ್ನು ಎಂದೂ ನೋಡಿಲ್ಲವೇನೋ ಎಂಬಂತೆ.

ಅವಳ ಜೊತೆ ಸಲೀಸಾಗಿ ಮಾತಾಡುತ್ತಿದ್ದವನು ಹುಳಿಯಾರು ಕಡೆಯ ಹಟ್ಟಿಯೊಂದರಿಂದ ಬಂದಿದ್ದ ಒಬ್ಬ ಗಂಡಸು. ಕಾಯಿ ಕೀಳಲು ಮರ ಹತ್ತುತ್ತಿದ್ದವನು, ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಶಿಬಿರದಲ್ಲಿ ಅವನಿಗೆ ಗಾಲಿಕುರ್ಚಿ ಕೊಟ್ಟಿದ್ದರು. ಅದರಲ್ಲಿ ಕೂತು ಅಂಗಳವೆಲ್ಲ ಸುತ್ತುತ್ತ, "ದಾರಿ ಬುಡ್ರಪ್ಪೋ, ಸರ್ಕಾರಿ ಬಸ್ಸು," ಎಂದು ಕೂಗುತ್ತಿದ್ದ. ಚಿಕ್ಕಮ್ಮನನ್ನು ಸಾಹುಕಾರ್ತಿ ಎಂದು ಕರೆಯುತ್ತಿದ್ದ.

ಮೊದಲ ಸೋಮವಾರ ಎಲ್ಲರೂ ಗರಿ ಸೀಳಲು ಕೂತರೆ, ಚಿಕ್ಕಮ್ಮ ಮರದ ಕೆಳಗೆ ಕಾಲು ಮಡಚಿ ಕೂತುಬಿಟ್ಟಳು. ಕೈಗೆ ಗರಿ ಕೊಟ್ಟರೆ ಪಕ್ಕಕ್ಕಿಟ್ಟಳು. ಅಳಲಿಲ್ಲ, ಹಟ ಮಾಡಲಿಲ್ಲ, ನೆಮ್ಮದಿಯಾಗಿ ಕೂತಿದ್ದಳು.

"ಏನ್ ಸಾಹುಕಾರ್ತಿ, ಇವತ್ತು ಕೆಲ್ಸ ಇಲ್ವಾ?" ಎಂದ ಗಾಲಿಕುರ್ಚಿಯವನು.

"ಸ್ವಾಮಾರ," ಎಂದಳು.

"ಸ್ವಾಮಾರ ಆದ್ರೆ ಏನವ್ವಾ? ನಿನ್ ಹೆಗಲ ಮ್ಯಾಲೆ ಯಾರು ನೊಗ ಇಟ್ಟವ್ರೆ?"

ಅವಳು ತನ್ನ ಹೆಗಲು ಮುಟ್ಟಿಕೊಂಡಳು. "ಕಟ್ಬಾರ್ದು. ಎತ್ತು ಕಟ್ಬಾರ್ದು."

ಅವನು ಕೆಮ್ಮು ಬರುವವರೆಗೂ ನಕ್ಕ. "ಲೇ, ಈವಮ್ಮ ಎತ್ತಿನ ಲೆಕ್ಕದಲ್ಲವ್ಳೆ ಕಣ್ರಲಾ! ಆಗ್ಲಿ ಬುಡವ್ವಾ, ಮೇವು ಹಾಕ್ಸನ."

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವನ ದಿನ. ಚಿಕ್ಕಮ್ಮ ಚಿಕ್ಕವಳಿದ್ದಾಗಿನಿಂದ ಅಜ್ಜಿ ಆ ದಿನ ಬೆಳಿಗ್ಗೆ ಎತ್ತುಗಳ ಮೈ ತೊಳೆಸಿ, ಹಣೆಗೆ ವಿಭೂತಿ ಇಟ್ಟು, ಅದೇ ಬೆರಳಿನಲ್ಲಿ ಮಗಳ ಹಣೆಗೂ ಇಟ್ಟು, "ಇವತ್ತು ನೀನೂ ಸುಮ್ಕೆ ಕೂತ್ಕ ಮಗಾ," ಎನ್ನುತ್ತಿದ್ದಳು. ಮಾವ ಎತ್ತುಗಳನ್ನು ಮಾರಿ ಎಷ್ಟೋ ಕಾಲವಾಗಿದೆ. ಕೊಟ್ಟಿಗೆಯಲ್ಲಿ ಈಗ ತೆಂಗಿನ ಮಟ್ಟೆ ತುಂಬಿದೆ. ಬಾಡಿಗೆ ಟ್ರ್ಯಾಕ್ಟರಿನವನು ಯಾವ ದಿನ ಬಂದರೆ ಅದೇ ಉಳುವ ದಿನ. ಆದರೆ ಮನೆಯಲ್ಲಿ ಅಜ್ಜಿ ಮಗಳು ಇಬ್ಬರೂ ಸೋಮವಾರವನ್ನು ಬಿಟ್ಟಿರಲಿಲ್ಲ. ಅಜ್ಜಿ ಹೋದ ಮೇಲೆ ಚಿಕ್ಕಮ್ಮ ಒಬ್ಬಳೇ ಅದನ್ನು ಹಿಡಿದುಕೊಂಡಿದ್ದಳು.

ಶಿಬಿರ ನಡೆಸುತ್ತಿದ್ದ ಮೇಡಂ ಬೇರೆ ಊರಿನವರು. ಕೆಟ್ಟವರಲ್ಲ. ಬಿಸಿಲಲ್ಲಿ ನಮಗಿಂತ ಹೆಚ್ಚು ಓಡಾಡುತ್ತಿದ್ದರು. ಮುಂದಿನ ಸೋಮವಾರವೂ ಚಿಕ್ಕಮ್ಮ ಮರದ ಕೆಳಗೆ ಕೂತಾಗ ಅವರು ನನ್ನನ್ನು ಕರೆದರು.

"ವಾರವೆಲ್ಲ ಚೆನ್ನಾಗಿ ಮಾಡ್ತಾರೆ. ಮನೆಗೆ ಹೋಗಿ ಬಂದರೆ ಹೀಗೆ. ಇನ್ನು ಶನಿವಾರ ಕಳಿಸೋದು ಬೇಡ ಅನ್ಸುತ್ತೆ."

ನಾನು ಎತ್ತಿನ ವಿಷಯ ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ಎತ್ತಿಗೆ ಸರಿ. ಇವರು ಎತ್ತಲ್ಲ ಅಂತ ಇವರಿಗೆ ಗೊತ್ತಾಗಬೇಕಲ್ವಾ?" ಎಂದರು. ಓದಿದವಳಾದ ನನಗೂ ಆ ಮಾತು ಸರಿ ಎನಿಸಿತು. ಇಂದಿಗೂ ಅದರಲ್ಲಿ ಏನು ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ನನಗೆ ಬರುವುದಿಲ್ಲ.

ಶನಿವಾರ ತಪ್ಪಬಾರದು ಎಂದರೆ ಅವಳು ಸೋಮವಾರ ಕೆಲಸ ಮಾಡಬೇಕು. ಹೀಗೆ ಅವೆರಡೂ ಒಂದಕ್ಕೊಂದು ಗಂಟುಬಿದ್ದವು. ಆ ಗಂಟು ಹಾಕಿದವರು ಯಾರು ಎಂಬುದೇ ನನಗೆ ನೆನಪಾಗದ ವಿಷಯ. ಶಿಬಿರದ ಅಡುಗೆಯಾಕೆ ಅವಳ ಪಕ್ಕ ಕೂತು, "ಈ ಕಟ್ಟು ಮುಗಿಸವ್ವಾ, ಮುಗಿಸಿದ್ರೆ ಶನಿವಾರ ನಿಮ್ಮಣ್ಣ ಬತ್ತಾನೆ," ಎಂದದ್ದು ಕಿವಿಯಲ್ಲಿದೆ. ಆದರೆ ಆ ಮಾತನ್ನು ಮೊದಲು ಆಡಿದ್ದು ಆಕೆಯೋ ನಾನೋ ತಿಳಿಯದು. ಒಮ್ಮೊಮ್ಮೆ ಅದು ನನ್ನ ಧ್ವನಿಯಲ್ಲೇ ಕೇಳುತ್ತದೆ. ಆಮೇಲಂತೂ ನಾವೆಲ್ಲರೂ ಅದನ್ನೇ ಹೇಳುತ್ತಿದ್ದೆವು, ಸ್ನಾನಕ್ಕೂ ನಿದ್ದೆಗೂ. ನೀರು ಹಾಕ್ಕೋ, ಶನಿವಾರ ಅಣ್ಣ ಬತ್ತಾನೆ. ಕಣ್ಣು ಮುಚ್ಚು, ಶನಿವಾರ ಅಣ್ಣ ಬತ್ತಾನೆ.

ಅವಳು ಕಲಿತಳು. ಚೊಂಬು ಎತ್ತಿ ಹೆಗಲ ಮೇಲೆ ನೀರು ಸುರಿದುಕೊಂಡಳು. ಯಾರ ಸೆರಗನ್ನೂ ಹಿಡಿಯದೆ ಮಲಗಿದಳು. ಒಂದು ಸೋಮವಾರ ಮರದ ಕೆಳಗೆ ಹೋಗಿ ನಿಂತವಳು, ಸ್ವಲ್ಪ ಹೊತ್ತು ನಿಂತೇ ಇದ್ದು, ತಿರುಗಿ ಬಂದು ಗರಿಯ ಕಟ್ಟಿನ ಮುಂದೆ ಕೂತಳು. "ಅಣ್ಣ ಬತ್ತಾನೆ," ಎಂದು ಹೇಳಿಕೊಂಡು ಕಡ್ಡಿ ಎಳೆದಳು. ಗಾಲಿಕುರ್ಚಿಯವನು ಅಂದು ತಮಾಷೆ ಮಾಡಲಿಲ್ಲ. "ಪಳಗಿಸಿಬುಟ್ರಿ ಕಣ್ರೀ," ಎಂದ ನನಗೆ, ಅಷ್ಟೇ. ನಾನು ಸಂತೋಷಪಟ್ಟಿದ್ದೆ. ಅದು ದಿನಚರಿಯಲ್ಲೂ ಇದೆ.

ಮನೆಯವರನ್ನು ಕರೆಸಿ, ಕಲಿತದ್ದನ್ನು ತೋರಿಸುವ ದಿನವನ್ನು ಕೊನೆಯ ವಾರದ ಸೋಮವಾರಕ್ಕೆ ಇಟ್ಟರು. ಶನಿವಾರ ಹರಾಜಿನ ಗಡಿಬಿಡಿಯಲ್ಲಿ ಬಂದವರು ಯಾರೂ ನಿಂತು ನೋಡುವುದಿಲ್ಲ. ಸೋಮವಾರವಾದರೆ ಈ ಸೀಮೆಯ ರೈತರು ಬಿಡುವಾಗಿರುತ್ತಾರೆ ಎಂದು ಅಡುಗೆಯಾಕೆಯೇ ಮೇಡಂಗೆ ಹೇಳಿದ್ದಳು. ಮಾವ ಒಗೆದ ಪಂಚೆ ಉಟ್ಟು, ವಿಭೂತಿ ಧರಿಸಿ ಬಂದ. ಚಿಕ್ಕಮ್ಮ ಸಾಲಿನಲ್ಲಿ ಕೂತು ಕಡ್ಡಿ ತೆಗೆಯುತ್ತಿದ್ದಳು. ಅವನನ್ನು ನೋಡಿ ನಕ್ಕಳು, ಕೈ ನಿಲ್ಲಿಸಲಿಲ್ಲ. ಅಂಗಿ ಮೂಸಲು ಏಳಲೂ ಇಲ್ಲ. ಕಟ್ಟು ಮುಗಿದಿರಲಿಲ್ಲ.

ಮಾವ ಅವಳ ಮುಂದೆ ಬಂದು ನಿಂತ.

"ಸ್ವಾಮಾರಾನೂ ಮಾಡ್ತಾಳಾ?" ಎಂದ.

"ಎಲ್ಲಾ ದಿನಾನೂ ಮಾಡ್ತಾರೆ ಸರ್," ಎಂದರು ಮೇಡಂ. "ಸ್ನಾನ, ಊಟ, ನಿದ್ದೆ ಎಲ್ಲ ಅವರದೇ. ಯಾರೂ ಬೇಕಾಗಿಲ್ಲ."

ಮಾವ ಟವೆಲಿನಿಂದ ಮುಖ ಒರೆಸಿಕೊಂಡ. "ಅವ್ವ ನೋಡ್ಬೇಕಿತ್ತು," ಎಂದ. ಅದು ಹೆಮ್ಮೆ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ನನಗೆ ಕೇಳಿಸಲೆಂದೋ, ತನಗೇ ಎಂದೋ, ಮೆಲ್ಲಗೆ ಹೇಳಿದ: "ಸ್ವಾಮಾರಾನೇ ಬುಟ್ಟವ್ಳೆ ಅಂದ್ಮೇಲೆ, ಎಲ್ ಬೇಕಾದ್ರೂ ಇರ್ತಾಳೆ ಬುಡು."

ಹೊರ ಜಿಲ್ಲೆಯಲ್ಲಿ ಇಂಥವರಿಗಾಗಿಯೇ ಒಂದು ವಸತಿ ಕೇಂದ್ರವಿತ್ತು. ತಮ್ಮ ಕೆಲಸ ತಾವು ಮಾಡಿಕೊಳ್ಳುವವರನ್ನು ಮಾತ್ರ ಅವರು ಸೇರಿಸಿಕೊಳ್ಳುತ್ತಾರೆ. ಅದನ್ನು ಮಾವನಿಗೆ ಹೇಳಿದ್ದು ಮೇಡಂ, ಅಂದೇ, ಒಳ್ಳೆಯ ಮನಸ್ಸಿನಿಂದ ಎಂದು ನನಗೆ ಆಮೇಲೆ ತಿಳಿಯಿತು. ಅಥವಾ ಮಾವನಿಗೆ ಮೊದಲೇ ಗೊತ್ತಿತ್ತೇ? ಶಿಬಿರಕ್ಕೆ ಕಳಿಸಲು ಅವನು ಒಂದೇ ಮಾತಿಗೆ ಒಪ್ಪಿದ್ದು ಅದಕ್ಕಾಗಿಯೇ? ಹಾಗೆ ಯೋಚಿಸಿದಾಗ ಅವನ ಹಳೆಯ ಮೌನವೆಲ್ಲ ಬೇರೆ ಥರ ಕಾಣುತ್ತದೆ. ಹಾಗೆ ಕಾಣುವುದನ್ನು ನಾನು ನಂಬಬಾರದು. ಅವನು ತಂಗಿಯ ತಟ್ಟೆಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿಕೊಟ್ಟದ್ದನ್ನೂ ನೋಡಿದವಳು ನಾನೇ.

ಕೊನೆಯ ಶನಿವಾರ ಗಾಲಿಕುರ್ಚಿಗಳನ್ನು ವ್ಯಾನಿಗೆ ತುಂಬಿದರು. ಅವು ಶಿಬಿರದವು, ಇನ್ನೊಂದು ಊರಿಗೆ ಹೋಗಬೇಕಿತ್ತು. ಹಟ್ಟಿಯವನನ್ನು ಅವನ ತಮ್ಮ ಎತ್ತಿ ಆಟೋದಲ್ಲಿ ಕೂರಿಸಿದ. "ಬಸ್ಸು ಡಿಪೋಕೆ ಹೋಯ್ತು. ನಾನಿನ್ನು ಜಗಲಿಗೆ," ಎಂದ ಅವನು. ಗೇಟಿನ ಬಳಿ ಚೀಲ ಹಿಡಿದು ಕೂತಿದ್ದ ಚಿಕ್ಕಮ್ಮನಿಗೆ, "ಬತ್ತೀನಿ ಸಾಹುಕಾರ್ತಿ," ಎಂದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

ಮಾವ ಹೇಳಿದ ಹೊತ್ತಿಗೆ ಬಂದ. ಅವಳು ಅಂಗಿಯ ತೋಳು ಮೂಸಿದಳು. ತಾನು ಕಟ್ಟಿದ ಪೊರಕೆಯನ್ನು ಅವನ ಕೈಗೆ ಕೊಟ್ಟಳು. ಅವರಿದ್ದ ಕಾರು ಗೇಟು ದಾಟಿ ತಿಪಟೂರಿನ ಕಡೆ ತಿರುಗಿತು. ಇನ್ನು ಅವಳು ಮನೆಯಲ್ಲೇ ಇರುತ್ತಾಳೆಂದು ನಾನು ಕೈಬೀಸಿದೆ. ಆಮೇಲೆ ಗೊತ್ತಾಯಿತು: ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು, ಮಾರನೆಯ ದಿನ ಅವಳನ್ನು ಆ ಕೇಂದ್ರಕ್ಕೆ ಬಿಟ್ಟು ಬಂದಿದ್ದಾರೆ. ಹೊಸ ಜಾಗಕ್ಕೆ ಒಗ್ಗುವವರೆಗೆ ಮನೆಯವರು ಯಾರೂ ನೋಡಲು ಬರಬಾರದಂತೆ. ನಾನು ಫೋನ್ ಮಾಡಿದಾಗಲೆಲ್ಲ ಒಂದು ಹೆಣ್ಣು ಧ್ವನಿ ಅದನ್ನೇ ಸಭ್ಯವಾಗಿ ಹೇಳುತ್ತದೆ. ಚೆನ್ನಾಗಿದ್ದಾರೆ, ಎಲ್ಲ ಕೆಲಸ ಮಾಡ್ತಾರೆ, ತೊಂದರೆ ಕೊಡಲ್ಲ. ಸೋಮವಾರ? ಎಂದು ಒಮ್ಮೆ ಕೇಳಿದೆ. ಸೋಮವಾರ ಏನು ಮೇಡಂ? ಎಂದಿತು ಆ ಧ್ವನಿ.

ಮಳೆಗಾಲದ ಕೊನೆಗೆ ಮಾವನ ಮನೆಗೆ ಹೋಗಿದ್ದೆ. ಆ ಪೊರಕೆ ಬಾಗಿಲ ಹಿಂದೆ ಇತ್ತು. ಸವೆದು ಮೊಂಡಾಗಿತ್ತು. ಅತ್ತೆ ಕಾಫಿ ಕೊಟ್ಟು, "ನಂಗೂ ಮನೆ ಬಿಕೋ ಅನ್ನುತ್ತೆ ಕಣೇ. ಆದ್ರೆ ಈ ಕೈ ನೋಡು," ಎಂದು ಬೆರಳುಗಳನ್ನು ನನ್ನ ಮುಂದೆ ಹಿಡಿದರು. ಮಾವ ಅಟ್ಟದ ಏಣಿಯ ಮೇಲಿದ್ದ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಲೊಟಲೊಟ ಎನ್ನುತ್ತದೆ. ಅಂಥದ್ದನ್ನು ಕೆಳಗಿದ್ದ ನನಗೆ ಕೊಡುತ್ತಿದ್ದ, ನಾನು ಬುಟ್ಟಿಗೆ ಹಾಕುತ್ತಿದ್ದೆ. ಅಲ್ಲೇ, ಅವನ ಕಾಲಿನ ಬಳಿ ನಿಂತು, ಅವನನ್ನು ಒಂದು ಮಾತು ಕೇಳಿದೆ. ಅವನು ಕೈಯಲ್ಲಿದ್ದ ಕಾಯಿಯನ್ನು ಕಿವಿಗೆ ಹಿಡಿದ. ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ. ಅದು ಸದ್ದು ಮಾಡುತ್ತಿದ್ದದ್ದು ನನಗೂ ಕೇಳುತ್ತಿತ್ತು. ಆದರೂ ಅವನು ಅದನ್ನು ನನಗೆ ಕೊಡಲಿಲ್ಲ, ಅಟ್ಟದ ಮೇಲೂ ಇಡಲಿಲ್ಲ.

ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮಳೆ, ಹುಳು, ಅತ್ತೆಯ ಔಷಧಿ. ಅಂದು ಏಣಿಯ ಬಳಿ ನಾನು ಕೇಳಿದ್ದು ಇಷ್ಟೇ:

"ಮಾವ, ಅವಳನ್ನ ಅಲ್ಲಿ ಬಿಟ್ಟು ಬರುವಾಗ, ಶನಿವಾರ ಬತ್ತೀನಿ ಅಂತ ಹೇಳಿ ಬಂದ್ಯಾ?"