ರುಕ್ಮಿಣಮ್ಮನವರ ಬ್ಲೂಸ್ ರೆಕಾರ್ಡ್

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ಭಾನುವಾರ ಬೆಳಿಗ್ಗೆ ಹೊಸೂರಿನಲ್ಲಿ ಕೃಷ್ಣಗಿರಿಯ ಬಸ್ಸು ಹತ್ತಿದೆ. ಕಾರ್ಖಾನೆಯ ಕೆಲಸಕ್ಕೆಂದು ಮೈಸೂರಿನಿಂದ ಹೊಸೂರಿಗೆ ಬಂದಿದ್ದ ನನಗೆ ಹಳೆಯ ರೆಕಾರ್ಡುಗಳ ಹುಚ್ಚು. ಒಂದು ಅಮೆರಿಕನ್ ಚಿತ್ರದ ಸಂಗೀತದ ರೆಕಾರ್ಡಿಗಾಗಿ ಬೆಂಗಳೂರು, ಮದರಾಸು ಎರಡನ್ನೂ ಜಾಲಾಡಿದ್ದೆ. ಚಿತ್ರವನ್ನು ನೋಡಿದವರು ಕಡಿಮೆ. ಅದರ ಬ್ಲೂಸ್, ಜಾಜ್ ಸಂಗೀತಕ್ಕೆ ಮಾತ್ರ ಸಂಗ್ರಾಹಕರು ಪ್ರಾಣ ಬಿಡುತ್ತಿದ್ದರು. ಆ ರೆಕಾರ್ಡ್ ಕೃಷ್ಣಗಿರಿಯಲ್ಲಿ ತನ್ನ ಅಕ್ಕ ರುಕ್ಮಿಣಮ್ಮನವರ ಬಳಿ ಇದೆ, ಕೊಡಲು ಅವರಿಗೆ ಮನಸ್ಸಿದೆ ಎಂದು ಜೊತೆಯಲ್ಲಿ ಕೆಲಸ ಮಾಡುವ ಗೋಪಾಲ ಹೇಳಿದ್ದ. ತಂದೇ ತರುತ್ತೇನೆಂಬ ಧೈರ್ಯದಿಂದ ಕಟ್ಟಲು ದಪ್ಪ ರಟ್ಟುಗಳನ್ನೂ ಒಯ್ದಿದ್ದೆ.

ಸೂಳಗಿರಿಯಲ್ಲಿ ಬಸ್ಸು ನಿಂತಾಗ ಇಡ್ಲಿ ತಿಂದೆ. ಅಲ್ಲಿ ಹತ್ತಿದ ಹೆಂಗಸೊಬ್ಬರ ಟೊಮೆಟೊ ಬುಟ್ಟಿ ಕೃಷ್ಣಗಿರಿಯವರೆಗೂ ನನ್ನ ಕಾಲ ಮೇಲೇ ಬಂತು. ಇಳಿಯುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು.

ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿ ಮನೆ. ರುಕ್ಮಿಣಮ್ಮ ನಿವೃತ್ತ ಶಿಕ್ಷಕಿ. ಹರೆಯದಲ್ಲಿ ಬೊಂಬಾಯಿಯಲ್ಲಿ ಪಾಠ ಹೇಳುತ್ತಿದ್ದಾಗ ಆ ರೆಕಾರ್ಡ್ ಕೊಂಡಿದ್ದರಂತೆ. ಈಗ ಕಿವಿ ಮಂದ. ಕೂಗಿ ಹೇಳಿದರಷ್ಟೇ ಮಾತು ಮುಟ್ಟುತ್ತಿತ್ತು. ಕೊಡುವುದಕ್ಕೆ ಅವರದು ಒಂದೇ ಷರತ್ತು: ಒಯ್ಯುವ ಮೊದಲು ಅವರ ಜೊತೆ ಕೂತು ಒಂದು ಸಲ ಕೇಳಬೇಕು.

ರೆಕಾರ್ಡ್ ಹಾಕಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ದಪ್ಪ ಸದ್ದು ಕೈಗೆ ಸಿಕ್ತೈತೆ. ಟ್ರಂಪೆಟ್ ಬಂದ್ರೆ ಹೇಳಪ್ಪ," ಅಂದರು.

ನಾನು ಕಾದೆ. ಬಾಯಿ ತೆರೆಯುವ ಮೊದಲೇ ಅವರ ಬೆರಳು ಮೇಲೆದ್ದಿತು. ಮರುಕ್ಷಣ ಟ್ರಂಪೆಟ್ ಹೊಮ್ಮಿತು. ಸ್ವರ ಏರಿದಲ್ಲಿ ಬೆರಳೂ ಏರಿತು, ಅದು ನಿಂತಲ್ಲಿ ನಿಂತಿತು. ವರ್ಷಗಟ್ಟಲೆ ಹುಡುಕಿದ ಸಂಗೀತವನ್ನು ಬಿಟ್ಟು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಒಯ್ಯಲು ಮನಸ್ಸಾಗಲಿಲ್ಲ. ನಿಮ್ಮಲ್ಲೇ ಇರಲಿ ಅಮ್ಮ ಎಂದು ಕೂಗಿ ಹೇಳಿದೆ. ಅವರು ರೆಕಾರ್ಡನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

"ನಂಗೆ ಬಾಯಿಪಾಠ ಆಗೈತೆ. ಕೇಳೋರ ಮನೇಲಿರ್ಲಿ ಅಂತ್ಲೇ ಕರೆಸಿದ್ದು. ತಗೊಂಡೋಗು."

ಮುದ್ದೆ, ಹುರುಳಿ ಸಾರು ಹಾಕಿ ಕಳಿಸಿದರು. ಬೀದಿಯ ತಿರುವಿನಲ್ಲಿ, ಕೈ ಬೀಸೋಣವೆಂದು ಹಿಂದಿರುಗಿ ನೋಡಿದೆ. ರುಕ್ಮಿಣಮ್ಮ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಪಾದ ಮೆಲ್ಲಗೆ ತಾಳ ಹಾಕುತ್ತಿತ್ತು.