ಅಂಚಿನಲ್ಲೊಂದು ಎಣ್ಣೆ ಕಲೆ

ಎಲ್ಲ ಸುಸೂತ್ರವಾಗಿ ಮುಗಿದ ಮೇಲೆ ಬರೆಯುತ್ತಿದ್ದೇನೆ. ಹಾಗಾಗಿ ಓದುವವರು ಉಸಿರು ಬಿಗಿಹಿಡಿಯಬೇಕಾಗಿಲ್ಲ, ನಾವು ಹಿಡಿದದ್ದೇ ಸಾಕು.

ನನ್ನ ಹೆಂಡತಿ ಶರ್ಮಿಳಾ ಅಬುಧಾಬಿಯ ಒಂದು ಮ್ಯೂಸಿಯಂನಲ್ಲಿ ಕ್ಯುರೇಟರ್. ಹಳೆಯ ಅಚ್ಚುಚಿತ್ರ, ರೇಖಾಚಿತ್ರಗಳ ವಿಭಾಗ ಅವಳದ್ದು. ಇಲ್ಲಿಯ ನಮ್ಮೂರವರ ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ಏನು ಕೆಲಸ ಎಂದರೆ "ಹಳೇ ಕಾಗದ ನೋಡಿಕೊಳ್ತೇನೆ" ಅನ್ನುತ್ತಾಳೆ. ಕೇಳಿದವರು ಪಾಪ, ಎಲ್ಲೋ ಗುಮಾಸ್ತೆಯಾಗಿರಬೇಕೆಂದು ಮಾತು ಬದಲಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ನೋಡಿಕೊಳ್ಳುವ ನಾನೇ ನನ್ನ ಕೆಲಸದ ಬಗ್ಗೆ ಅರ್ಧ ಗಂಟೆ ಕೊರೆಯಬಲ್ಲೆ, ಇವಳಿಗೇನು ಸಂಕೋಚ?

ಅವಳು ಚಿತ್ರಕಲೆ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಗ್ಯಾಲರಿಯ ಸ್ವಾಗತದ ಮೇಜಿನಲ್ಲಿ ಕೂತಿದ್ದಳು. ಅಲ್ಲಿಂದ ಓದುತ್ತ, ಪರೀಕ್ಷೆ ಬರೆಯುತ್ತ, ಸಹಾಯಕಿಯಾಗಿ ದುಡಿಯುತ್ತ ಈ ಹುದ್ದೆಗೆ ಬಂದಳು. ಹುದ್ದೆ ಮನೆಗೂ ಬಂತು. ನಮ್ಮ ಫ್ಲ್ಯಾಟಿನಲ್ಲಿ ಪರದೆ ಸರಿಸುವಂತಿಲ್ಲ. ಮದುವೆಯ ಫೋಟೋ ಬಿಸಿಲಿಗೆ ಬಣ್ಣಗೆಡುತ್ತದೆಂದು ಕಪಾಟಿನೊಳಗಿದೆ. ಅದು ನಿಜಕ್ಕೂ ಬಿಸಿಲಿನ ಕಾರಣವೋ ನನ್ನ ಮುಖದ ಕಾರಣವೋ ಎಂದು ನಾನು ಕೇಳಲು ಹೋಗಿಲ್ಲ.

ಇಂಥ ಮನೆಗೆ ನನ್ನ ಅಮ್ಮ ಅಕ್ಕು ವಿಸಿಟ್ ವೀಸಾದಲ್ಲಿ ನಮ್ಮೂರು ಕಟಪಾಡಿಯಿಂದ ಬಂದಿಳಿದಳು. ಜೊತೆಗೆ ದಾಸವಾಳದ ಎಲೆ ಹಾಕಿ ಕಾಯಿಸಿದ ತೆಂಗಿನೆಣ್ಣೆಯೂ ಬಂತು. ಇಲ್ಲಿಯ ನೀರಿಗೆ ಉದುರುತ್ತಿದ್ದ ಸೊಸೆಯ ಕೂದಲು ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. ಶರ್ಮಿಳಾ ಹತ್ತು ವರ್ಷದಿಂದ ತಲೆಗೆ ಎಣ್ಣೆ ಮುಟ್ಟಿಸಿದವಳಲ್ಲ, ಕೆಲಸ ಅಂಥದ್ದು. ಆದರೆ ಆ ಭಾನುವಾರ ಅಮ್ಮ "ಬಾ ಮಗಾ" ಎಂದು ಚಾಪೆ ಹಾಸಿದಾಗ ಹೋಗಿ ಕೂತಳು. ಕಣ್ಣು ಮುಚ್ಚಿ ಕೂತ ಅವಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಸಂಜೆ ಸ್ನಾನ ಮಾಡಿದಳು. ಅಮ್ಮನ ಎಣ್ಣೆ ಒಂದೇ ಸ್ನಾನಕ್ಕೆ ಬಿಟ್ಟುಹೋಗುವ ಜಾತಿಯದ್ದಲ್ಲ.

ಮರುದಿನ ಮ್ಯೂಸಿಯಂನಲ್ಲಿ ಅವಳ ಮುಂದಿದ್ದದ್ದು ಮುನ್ನೂರು ವರ್ಷ ಹಳೆಯ ಒಂದು ಅಚ್ಚುಚಿತ್ರ. ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ಬಂದರು, ಹಾಯಿಹಡಗುಗಳು. ಯುರೋಪಿನ ಒಂದು ಮ್ಯೂಸಿಯಂ ಪ್ರದರ್ಶನಕ್ಕೆಂದು ಎರವಲು ಕೊಟ್ಟಿತ್ತು. ಅದರ ಸುತ್ತ ಇದ್ದ ಹಳೆಯ ರಟ್ಟಿನ ಚೌಕಟ್ಟನ್ನು, ಅವರ ಒಪ್ಪಿಗೆ ಪಡೆದು, ಬದಲಿಸಬೇಕಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಇಂಥ ಕಾಗದವನ್ನು ಬಿಳಿ ಕೈಗವಸು ಹಾಕಿ ಮುಟ್ಟುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಗವಸು ಹಾಕಿದರೆ ಬೆರಳಿಗೆ ಕಾಗದದ ಅಂದಾಜು ಸಿಗದೆ ಅಂಚು ಹರಿಯುತ್ತದೆ. ಸೋಪು ಹಾಕಿ ತೊಳೆದು ಒರೆಸಿದ ಬರಿಗೈಯಲ್ಲೇ ಮುಟ್ಟಬೇಕು. ಶರ್ಮಿಳಾ ಕೈ ತೊಳೆದಳು, ಒರೆಸಿದಳು, ಚೌಕಟ್ಟು ಬಿಡಿಸಿದಳು, ಹಾಳೆಯ ಅಂಚನ್ನು ಹಿಡಿದು ಎತ್ತಿಟ್ಟಳು. ಚಹಾ ಕುಡಿದು ಬಂದು ನೋಡುತ್ತಾಳೆ, ತಾನು ಹಿಡಿದಿದ್ದ ಅಂಚಿನಲ್ಲೇ ಹೆಬ್ಬೆರಳಗಲದ ಒಂದು ಎಣ್ಣೆ ಕಲೆ! ಅಷ್ಟು ಹೊತ್ತಿಗೆ ಅವಳಿಗೆ ನೆನಪಾಯಿತು. ಬಗ್ಗಿ ಕೆಲಸ ಮಾಡುವಾಗ ಮುಂದಕ್ಕೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದ್ದಳು. ಸರಿಸಿದ ಕೈಯಲ್ಲೇ ಹಾಳೆ ಎತ್ತಿದ್ದಳು.

ಎರವಲು ಬಂದ ಚಿತ್ರವನ್ನು ಹಾಳುಮಾಡಿದ ಕ್ಯುರೇಟರ್‌ಗೆ ಮತ್ತೆ ಯಾರೂ ಚಿತ್ರ ಕೊಡುವುದಿಲ್ಲ. ಕೆಲಸ ಹೋದರೆ ಹೋಯಿತು, ಆ ಹೆಸರು ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ನಾನಾಗಿದ್ದರೆ ಹೊಸ ಚೌಕಟ್ಟು ಹಾಕಿ ಕಲೆ ಮುಚ್ಚಿ ತೆಪ್ಪಗಿರುತ್ತಿದ್ದೆ. ಅವಳು ಸೀದಾ ಮೇಲಧಿಕಾರಿಯ ಬಳಿ ಹೋಗಿ ಹೇಳಿದಳು. ಅವರು ಬೈಯಲಿಲ್ಲ. ಇನ್ನು ಆ ಹಾಳೆಯನ್ನು ಮುಟ್ಟಬೇಡ, ನಾಳೆ ಲಿಡ್ವಿನ್ ನೋಡಲಿ, ಆಮೇಲೆ ಯುರೋಪಿಗೆ ಬರೆಯೋಣ ಎಂದರು. ಲಿಡ್ವಿನ್ ಅಲ್ಲಿ ಹಳೆಯ ಕಾಗದಗಳನ್ನು ರಿಪೇರಿ ಮಾಡುವ ತಜ್ಞ, ಮಂಗಳೂರಿನವನು. ಆ ದಿನ ಕೆಲಸದ ಮೇಲೆ ದುಬೈಗೆ ಹೋಗಿದ್ದ.

ಮನೆಗೆ ಬಂದ ಶರ್ಮಿಳಾ ಬಚ್ಚಲಿಗೆ ಹೋಗಿ ತಲೆ ತೊಳೆದಳು. ಹೊರಗೆ ಬಂದು ಕೂತು, ಮತ್ತೆ ಎದ್ದು ಹೋಗಿ ತೊಳೆದಳು. ಆಮೇಲೆ ನನಗೆ ಎಲ್ಲವನ್ನೂ ಹೇಳಿದಳು, ಇಂಗ್ಲಿಷಿನಲ್ಲಿ. ಅಮ್ಮನಿಗೆ ತಿಳಿಯಬಾರದಲ್ಲ! ನಮ್ಮ ಬುದ್ಧಿವಂತಿಕೆ ನೋಡಿ: ಸೋಫಾದ ಆ ತುದಿಯಲ್ಲಿ ಮಗಳು ಅಶ್ಮಿತಾ ಕೂತಿದ್ದಳು. ಇಂಗ್ಲಿಷಿನಲ್ಲೇ ಕನಸು ಕಾಣುವ ಹುಡುಗಿ. ನಾವು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ, ತನಗೆ ಬರುವ ಅಷ್ಟಿಷ್ಟು ತುಳುವಿನಲ್ಲಿ ಅಜ್ಜಿಗೆ ವರದಿ ಒಪ್ಪಿಸಿಬಿಟ್ಟಿದ್ದಳು.

"ವಾಟ್? ಅಜ್ಜಿ ಆಸ್ಕ್ಡ್ ಮೀ," ಎಂದಳು, ನಾನು ಕಣ್ಣು ಕೆಕ್ಕರಿಸಿದಾಗ.

ಅಮ್ಮ ಊಟ ಬಡಿಸಿದಳು. ಪಾತ್ರೆ ತೊಳೆದಳು. ನಾನು ನೀರು ಕುಡಿಯಲು ಹೋದಾಗ ಮೆಲ್ಲಗೆ ಹೇಳಿದಳು, "ಮಗಾ, ನನ್ನ ಟಿಕೆಟ್ ಬೇಗ ಮಾಡ್ಲಿಕ್ಕೆ ಆಗ್ತದಾ ನೋಡು."

"ಎಂತಕ್ಕಮ್ಮ? ಇನ್ನೂ ದಿನ ಉಂಟಲ್ಲ."

"ಆ ಹುಡುಗಿ ಎಷ್ಟು ವರ್ಷ ಕಷ್ಟಪಟ್ಟು ಮೇಲೆ ಬಂದದ್ದು. ನಾನು ಒಂದು ಅಂಗೈ ಎಣ್ಣೆಯಲ್ಲಿ ಮುಗಿಸಿಬಿಟ್ಟೆ. ನಾಳೆಯಿಂದ ಅವಳ ಮುಖ ಹೇಗೆ ನೋಡುದು?"

ನನಗೆ ಸಿಟ್ಟು ಬಂತು. ಎಣ್ಣೆಯ ಮೇಲೆ, ಯುರೋಪಿನ ಮೇಲೆ, ಎಲ್ಲರ ಮೇಲೂ. ಒಂದು ಹಳೇ ಹಾಳೆಗೋಸ್ಕರ ನನ್ನ ಮನೆಯ ಇಬ್ಬರು ಹೆಂಗಸರು ಹೀಗೆ ಕುಗ್ಗಿಹೋಗಬೇಕೇ? ಆದರೆ ಸಿಟ್ಟಿನಿಂದ ಕಲೆ ಹೋಗುವುದಿಲ್ಲ.

ಬೆಳಿಗ್ಗೆ ಶರ್ಮಿಳಾ ಹೋದಳು. ನಾನು ಅಂಗಡಿಗೆ ಫೋನ್ ಮಾಡಿ ತಡವಾಗುತ್ತದೆಂದು ತಿಳಿಸಿದೆ. ಅಮ್ಮ ನನ್ನ ಫೋನಿನ ಪಕ್ಕದಲ್ಲೇ ಬಟಾಣಿ ಸುಲಿಯುತ್ತ ಕೂತಳು. ಸಿಪ್ಪೆಯನ್ನು ಪಾತ್ರೆಗೆ, ಬಟಾಣಿಯನ್ನು ಕಸದ ಚೀಲಕ್ಕೆ ಹಾಕುತ್ತಿದ್ದಳು.

ಕೊನೆಗೂ ಫೋನ್ ಬಂತು. ನಾನು ಸ್ಪೀಕರ್ ಹಾಕಿದೆ. ಆ ಕಡೆ ಶರ್ಮಿಳಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಲಿಡ್ವಿನ್ ಫೋನ್ ಕಸಿದುಕೊಂಡಿರಬೇಕು.

"ತಿಲಕ್, ಎಂತದೂ ಆಗಲಿಲ್ಲ ಮಾರಾಯ! ಟೆನ್ಶನ್ ಖಲಾಸ್!"

ಅವನು ಹೇಳಿದ್ದು ಇಷ್ಟು. ಕೋಣೆ ಕತ್ತಲು ಮಾಡಿ ನೇರಳಾತೀತ ಬೆಳಕಿನ ದೀಪ ಹಿಡಿದಾಗ ಕಲೆ ಹಳದಿಯಾಗಿ ಹೊಳೆಯಿತು. ಹೊಸ ತೆಂಗಿನೆಣ್ಣೆ ಹಾಗೆ ಹೊಳೆಯುವುದಿಲ್ಲ. ಅದು ಅಗಸೆ ಎಣ್ಣೆ, ಅಚ್ಚಿನ ಶಾಯಿ ಕಲಸಲು ಆಗ ಬಳಸುತ್ತಿದ್ದದ್ದು. ಭೂತಗನ್ನಡಿಯಲ್ಲಿ ನೋಡಿದರೆ ಕಲೆಯ ನಡುವೆ ಶಾಯಿಯ ಸಣ್ಣ ಗೆರೆಗಳೂ ಇವೆ. ಶರ್ಮಿಳಾಳ ಹೆಬ್ಬೆರಳಿಗಿಂತ ಎಷ್ಟೋ ದೊಡ್ಡ ಹೆಬ್ಬೆರಳಿನ ಗುರುತು. ಆ ಹಾಳೆಯನ್ನು ಒತ್ತಿದ ಕೆಲಸಗಾರ ಶಾಯಿ ಮೆತ್ತಿದ ಕೈಯಲ್ಲೇ ಎತ್ತಿಟ್ಟಿದ್ದ. ಹಳೆಯ ಚೌಕಟ್ಟು ಇಷ್ಟು ಕಾಲ ಅದನ್ನು ಮುಚ್ಚಿಟ್ಟಿತ್ತು. ಚೌಕಟ್ಟು ಬಿಡಿಸಿ ಹಾಳೆ ಎತ್ತುವ ಗಮನದಲ್ಲಿ ಶರ್ಮಿಳಾ ಅಂಚನ್ನು ನೋಡಿರಲಿಲ್ಲ, ಅಷ್ಟೇ.

ಫೋನ್ ಮತ್ತೆ ಶರ್ಮಿಳಾಳ ಕೈಗೆ ಬಂತು. "ಅತ್ತೆ ಇದ್ದಾರಾ? ಅತ್ತೇ, ಅದು ನಮ್ಮ ಎಣ್ಣೆ ಅಲ್ಲ."

"ಮತ್ತೆ ಯಾರದ್ದು?"

"ಅಚ್ಚು ಹಾಕಿದವನದ್ದು. ಮುನ್ನೂರು ವರ್ಷದ ಹಿಂದಿನವ."

"ಅವನ ಮನೆ ಹಾಳಾಗ!" ಎಂದಳು ಅಮ್ಮ. ರಾತ್ರಿಯಿಂದ ತಡೆದಿಟ್ಟದ್ದೆಲ್ಲ ಆ ಬಡಪಾಯಿಯ ಮೇಲೆ ಸುರಿಯಿತು. "ಅಷ್ಟು ಚಂದದ ಕೆಲಸ ಮಾಡುವವನಿಗೆ ಕೈ ತೊಳೀಲಿಕ್ಕೆ ಎಂತ ರೋಗ? ಸೋಪಿಲ್ಲದಿದ್ದರೆ ಬೂದಿಯಾದರೂ ಇರಲಿಲ್ವಾ?"

ಆ ಕಡೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಮ್ಮ ಮಾತ್ರ ನಗಲಿಲ್ಲ, ಫೋನಿಗೆ ಇನ್ನಷ್ಟು ಹತ್ತಿರ ಬಗ್ಗಿದಳು.

"ಮಗಾ, ನಿನ್ನೆ ನಿನ್ನ ಬಾಸಿಗೆ ನನ್ನ ವಿಷಯ ಎಂತ ಹೇಳಿದ್ದೆ?"

"ನಿಮ್ಮ ವಿಷಯ ಎಂತಕ್ಕೆ ಹೇಳುದು ಅತ್ತೆ? ನನ್ನ ಕೈಯಿಂದ ಆದದ್ದು ಅಂತ ಹೇಳಿದೆ, ಅಷ್ಟೇ."

ಅಮ್ಮ ಫೋನನ್ನು ನನ್ನ ಕಡೆ ತಳ್ಳಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕೂತು ಅತ್ತಳು.