ನಾಲ್ಕು ಗಂಟೆಯ ಬ್ಯಾಕಪ್

ನಮ್ಮ ಕಡೆ ಯಾರ ಮನೆಗೆ ಬೇಕಾದರೂ ಹೋಗಿ, ಗುಡುಗಿನ ಒಂದು ಸದ್ದು ಕೇಳಿದರೆ ಸಾಕು, ಮಾತು ಅರ್ಧಕ್ಕೆ ನಿಲ್ಲುತ್ತದೆ. ಮನೆಯವರು ಎದ್ದು ಟಿವಿಯ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ಇಂಟರ್ನೆಟ್ ಡಬ್ಬಿಯ ವಯರು ಎಲ್ಲ ಕಿತ್ತು ಬಂದ ಮೇಲೆಯೇ ಮಾತು ಮುಂದುವರಿಯುವುದು. ಬಂದ ನೆಂಟರಿಗೂ ಬೇಸರವಿಲ್ಲ. ಅಷ್ಟರಲ್ಲಿ ಅವರೂ ತಮ್ಮ ಮನೆಗೆ ಫೋನ್ ಮಾಡಿ, "ಪ್ಲಗ್ ತೆಗ್ದಿದ್ದೀರಾ?" ಎಂದು ವಿಚಾರಿಸುತ್ತಿರುತ್ತಾರೆ. ಸುಳ್ಯ, ಪುತ್ತೂರು, ಕಡಬದ ಸಿಡಿಲನ್ನು ಕಂಡವರಿಗೆ ಇದು ತಮಾಷೆಯಲ್ಲ. ಅರಂತೋಡಿನಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಈ ಖಾತೆ ಅತ್ತೆಯದು. ನನ್ನ ಗಂಡನ ತಾಯಿ. ಮೋಡ ಕಪ್ಪಾಗುವ ಮೊದಲೇ ಅವರ ಕೈ ಪ್ಲಗ್ಗಿನ ಮೇಲಿರುತ್ತದೆ.

ಅವರಿಗೆ ಇನ್ನೊಂದು ಖಾತೆಯೂ ಇತ್ತು, ಸೋಬಾನೆಯದು. ನಮ್ಮ ಜನರ ಮದುವೆಗಳಲ್ಲಿ ಒಂದೊಂದು ಶಾಸ್ತ್ರಕ್ಕೂ ಹೆಂಗಸರು ಕೂತು ಹಾಡುವ ಹಾಡು ಅದು. ಒಬ್ಬರು ಎತ್ತಿಕೊಡಬೇಕು, ಉಳಿದವರು ಹಿಂದಿನಿಂದ ಹಿಡಿಯಬೇಕು. ಅತ್ತೆ ಎತ್ತಿಕೊಟ್ಟರೆ ಚಪ್ಪರದ ಆಚೆ ಕೊನೆಯಲ್ಲಿ ಇಸ್ಪೀಟು ಆಡುವ ಗಂಡಸರೂ ಒಂದು ಗಳಿಗೆ ಎಲೆ ಹಾಕುವುದನ್ನು ಮರೆಯುತ್ತಿದ್ದರು. ಅವರ ಹಿಂದೆ ಹಿಂದೆ ಮದುವೆಮನೆಗಳಿಗೆ ಹೋಗಿ ಫೋನಿನಲ್ಲಿ ಹಾಡು ಹಿಡಿದು ತಂದು ಮನೆಯ ಕಂಪ್ಯೂಟರಿಗೆ ತುಂಬಿಸುವುದು ನನ್ನ ಚಟ. ಆಮೇಲೆ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಸ್ವರ ಹೋಯಿತು. ಈಗ ಅವರು ಮಾತಾಡುವುದು ತಗಡಿನ ಮೇಲೆ ಒಣಗಿದ ಎಲೆ ಸರಿದ ಹಾಗೆ. ಹಾಡು ಅಂತೂ ಇಲ್ಲವೇ ಇಲ್ಲ. ಅವರ ಆ ಕಂಚಿನ ಕಂಠ ಉಳಿದಿದ್ದರೆ ನನ್ನ ಆ ಹಳೇ ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ.

ಆಪರೇಷನ್ ಆದ ಹೊಸತರಲ್ಲಿ ನಾನು ಉತ್ಸಾಹದಿಂದ ಅವರನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿದ್ದೆ. ಹಾಡುಗಳ ಕಡತದ ಮೇಲೆ ಅವರದೇ ಒಂದು ಚಿಕ್ಕ ಫೋಟೋ ಹಾಕಿಟ್ಟಿದ್ದೆ. "ನಿಮ್ಮ ಮುಖದ ಮೇಲೆ ಎರಡು ಸಲ ಒತ್ತಿದ್ರೆ ಆಯ್ತು ಅತ್ತೆ, ಒಂದರ ಹಿಂದೆ ಒಂದು ಬರ್ತದೆ" ಎಂದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಊರ ಕನ್ನಡದಲ್ಲಿ ಬರೆದಿದ್ದೇನೆ. ಹಾಡಿನ ಮೊದಲ ಸಾಲು ಬಂದದ್ದೇ ತಡ, ಅತ್ತೆ ಎದ್ದು ನಿಂತರು.

"ನನ್ನ ಸ್ವರ ನಾನೇ ಎಂತ ಕೇಳುದು? ನಿಲ್ಸು" ಎಂದರು. ಅಡುಗೆಮನೆಗೆ ಹೋಗಿ ಸೌತೆಕಾಯಿ ಕೊಚ್ಚತೊಡಗಿದರು. ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪ್ಯೂಟರು ಒಳಗಿನಿಂದ ಟಿಕ್ ಟಿಕ್ ಎನ್ನತೊಡಗಿತು. ಮನೆಯಲ್ಲೇ ಕೂತು ಮದುವೆ ಕಾಗದ, ಅಂದರೆ ಕರೆಯೋಲೆ, ಟೈಪ್ ಮಾಡಿ ಕೊಡುವವಳು ನಾನು. ಆ ಸದ್ದಿನ ಅರ್ಥ ನನಗೆ ಗೊತ್ತು. ಹಾರ್ಡ್ ಡಿಸ್ಕ್ ಗಂಟುಮೂಟೆ ಕಟ್ಟುತ್ತಿದೆ. ಕಾಗದಗಳು ಹೋದರೆ ಹೋಗಲಿ, ಆ ಮದುವೆಗಳೆಲ್ಲ ಆಗಿ ಮಕ್ಕಳೂ ಆಗಿವೆ. ಹಾಡು ಹೋದರೆ ಮಾತ್ರ ಮತ್ತೆ ತರುವ ದಾರಿಯಿಲ್ಲ.

"ಪೆನ್ ಡ್ರೈವಿಗೆ ಹಾಕಿ ಇಟ್ರೆ ಆಯ್ತಲ್ಲ, ಅದಕ್ಕೆಂತ ಇಷ್ಟು ತಲೆಬಿಸಿ?" ಎಂದರು ನಮ್ಮವರು. ಸುಳ್ಯದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮವರಿಗೆ ಲೋಕದ ಎಲ್ಲ ಸಮಸ್ಯೆಗೂ ಒಂದು ವಾಷರ್ ಬದಲಾಯಿಸಿದರೆ ಸಾಕು.

ಪೆನ್ ಡ್ರೈವಿನ ಕತೆ ಆಗಲೇ ಒಮ್ಮೆ ಆಗಿತ್ತು. ಹಾಡೆಲ್ಲ ತುಂಬಿಸಿ ಇಟ್ಟಿದ್ದ ಪೆನ್ ಡ್ರೈವನ್ನು ನಾನೇ ಯಾರದೋ ಮದುವೆ ಕಾಗದದ ಜೊತೆ ಪ್ರೆಸ್ಸಿಗೆ ಕೊಟ್ಟಿದ್ದೆ. ಅವರು ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಚೊಕ್ಕ ಮಾಡಿ ಹಿಂದೆ ಕೊಟ್ಟರು. ನೆನಪಿಟ್ಟು ಮಾಡುವ ಕೆಲಸ ನನ್ನಿಂದ ಆಗದು. ನಾನು ಮರೆತರೂ ತಾನು ಮರೆಯದ ಒಂದು ಸಾಫ್ಟ್‌ವೇರ್ ಬೇಕು ಎಂದು ಹಟ ಹಿಡಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುವ ಹಾಗೆ, ಯಾವ ಸಾಫ್ಟ್‌ವೇರ್ ಎಂದು ಗೊತ್ತಾಗುವ ಮೊದಲೇ ಪುತ್ತೂರಿಗೆ ಹೋಗಿ ಹೊರಗಿನಿಂದ ಸಿಕ್ಕಿಸುವ ಡಿಸ್ಕ್ ಒಂದನ್ನು ಕೊಂಡೂ ಬಂದೆ.

ಅಂಗಡಿಯವನು ಒಳ್ಳೆಯ ಜನ. "ಯಾವ್ದು ಬೇಕಾದ್ರೂ ಹಾಕಿ ಅಕ್ಕ, ಎಲ್ಲ ಒಂದೇ. ಆದ್ರೆ ಒಮ್ಮೆ ತಿರುಗಿ ತೆಗ್ದು ನೋಡ್ಬೇಕು. ತೆಗ್ದು ನೋಡದ ಬ್ಯಾಕಪ್ ಉಂಟು ಅಂತ ಲೆಕ್ಕ ಇಲ್ಲ" ಎಂದ. ಮೊದಲ ಮಾತು ನನಗೆ ಹಿಡಿಸಲಿಲ್ಲ. ಎಲ್ಲ ಒಂದೇ ಎಂದಾದರೆ ಆರಿಸುವ ಸುಖವೆಲ್ಲಿ? ಎರಡನೆಯ ಮಾತನ್ನು ಬಸ್ಸು ಹತ್ತುವಷ್ಟರಲ್ಲಿ ಮರೆತೆ.

ಆಮೇಲೆ ಶುರುವಾಯಿತು ವಧುಪರೀಕ್ಷೆ. ಮೊದಲು ಹಾಕಿದ ಸಾಫ್ಟ್‌ವೇರ್ ಕೆಲವು ದಿನ ಮಾತ್ರ ಧರ್ಮಕ್ಕೆ. ತೆರೆದಾಗಲೆಲ್ಲ ಇನ್ನಿಷ್ಟು ದಿನ ಮಾತ್ರ ಎಂದು ಹೆದರಿಸುತ್ತಿತ್ತು. ಹೊರಡುತ್ತೇನೆ ಹೊರಡುತ್ತೇನೆ ಎಂದು ಜಗಲಿಯಲ್ಲೇ ಕೂತಿರುವ ನೆಂಟರ ಹಾಗೆ. ಕಳುಹಿಸಿಕೊಟ್ಟೆ. ಎರಡನೆಯದು ಮಹಾ ಪಂಡಿತ. ಪೂರ್ತಿ ನಕಲು ಬೇಕೋ, ಹೊಸತಾಗಿ ಬಂದದ್ದರ ನಕಲು ಮಾತ್ರ ಸಾಕೋ, ಹಳೆಯದನ್ನು ಎಷ್ಟು ಕಾಲ ಇಡಬೇಕು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ನನ್ನನ್ನು ನೋಡಲು ಬಂದಾಗ ನಮ್ಮವರ ಕಡೆಯವರೂ ಇಷ್ಟು ಕೇಳಿರಲಿಲ್ಲ. ಮೂರನೆಯದು ಇಲ್ಲಿದ್ದ ಹಾಗೆಯೇ ಅಲ್ಲಿಯೂ ಇಡುತ್ತೇನೆ ಎಂದಿತು. ಕೇಳಲು ಚಂದ. ಆದರೆ ಇಲ್ಲಿ ನಾನು ಕೈತಪ್ಪಿ ಅಳಿಸಿದರೆ ಅಲ್ಲಿಯೂ ಅಳಿಸುತ್ತದಂತೆ. ಅಂಥ ಹೌದಪ್ಪಗಳು ಊರಲ್ಲಿ ಬೇಕಾದಷ್ಟು ಇದ್ದಾರೆ, ಕಂಪ್ಯೂಟರಿನ ಒಳಗೆ ಬೇರೆ ಯಾಕೆ? ಇಂಟರ್ನೆಟ್ಟಿನಲ್ಲಿ ದೂರ ಎಲ್ಲೋ ಇಡುವ ಉಪಾಯವೂ ಇತ್ತು. ಕರೆಂಟು ಹೋದರೆ ಇಂಟರ್ನೆಟ್ಟೂ ಹೋಗುವ ನಮ್ಮೂರಲ್ಲಿ ಅದಕ್ಕೆ ನೆಂಟಸ್ತಿಕೆ ಕುದುರಲಿಲ್ಲ.

ಅಳೆದು ತೂಗಿ ಕೊನೆಗೆ ಒಪ್ಪಿದ್ದು ಅತಿ ಕಡಿಮೆ ಗುಂಡಿಗಳಿದ್ದ, ದುಡ್ಡು ಕೇಳದ ಒಂದನ್ನು. ಯಾವಾಗ ನಕಲು ಮಾಡಲಿ ಎಂದು ಅದು ಕೇಳಿತು. ಸಂಜೆ ನಾಲ್ಕು ಎಂದು ಒತ್ತಿದೆ. ಆ ಹೊತ್ತಿಗೆ ನಾನು ಹಾಲಿನ ಸೊಸೈಟಿಗೆ ಹೋಗುತ್ತೇನೆ, ಕಂಪ್ಯೂಟರಿಗೆ ಬೇರೆ ಕೆಲಸವಿಲ್ಲ. ಮೊದಲೆಲ್ಲ ಹೊರಡುವಾಗ ಆರಿಸಿ ಹೋಗುತ್ತಿದ್ದೆ. ಈಗ ಚಾವಡಿಯಲ್ಲಿ ಅದನ್ನು ಹೊತ್ತಿಸಿಯೇ ಇಟ್ಟು, ಡಿಸ್ಕು ಸಿಕ್ಕಿಸಿ, ಕ್ಯಾನು ಹಿಡಿದು ಹೊರಡತೊಡಗಿದೆ. ದಾರಿಯಲ್ಲಿ ಎದುರಾದವರೆಲ್ಲರಿಗೂ ನನ್ನ ಬ್ಯಾಕಪ್ಪಿನ ವರ್ಣನೆ. ಬುದ್ಧಿವಂತೆ ಎಂಬ ಬಿಗುಮಾನ ಬೇರೆ.

ಮರಳಿ ಬರುವಾಗ ಕಂಪ್ಯೂಟರು ಆರಿರುತ್ತಿತ್ತು. ಪ್ಲಗ್ಗು ಗೋಡೆಯಿಂದ ಕಿತ್ತು ಕೆಳಗೆ ನೇತಾಡುತ್ತಿತ್ತು.

"ಗುಡುಗಿತು" ಎನ್ನುತ್ತಿದ್ದರು ಅತ್ತೆ.

ಅಕ್ಟೋಬರಿನ ಸಂಜೆ ಗುಡುಗದೆ ಇನ್ನೇನು? ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನವೆಂಬರಿನಲ್ಲಿಯೂ ಅದೇ. ಡಿಸೆಂಬರ್ ಬಂತು, ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗಿತ್ತು, ಆದರೂ ಪ್ಲಗ್ಗು ಕೆಳಗೇ.

"ಎಲ್ಲಿ ಗುಡುಗಿದ್ದು ಅತ್ತೆ?" ಎಂದು ಒಮ್ಮೆ ಕೇಳಿದೆ.

"ಸಂಪಾಜೆ ಬದಿಯಲ್ಲಿ. ನಿಂಗೆ ಕೇಳ್ಲಿಕ್ಕಿಲ್ಲ, ಸೊಸೈಟಿಯಲ್ಲಿ ನಿಮ್ಮ ಮಾತೇ ಜೋರು" ಎಂದರು.

ನಮ್ಮ ಊರಿನಲ್ಲಿ ಪ್ಲಗ್ಗು ಕಿತ್ತವರನ್ನು ಯಾರೂ ಪ್ರಶ್ನಿಸುವುದಿಲ್ಲ. ಅದು ದೀಪ ಹಚ್ಚಿದವರನ್ನು ಯಾಕೆ ಹಚ್ಚಿದಿರಿ ಎಂದು ಕೇಳಿದ ಹಾಗೆ. ವಯಸ್ಸಾದವರಿಗೆ ಹೆದರಿಕೆ ಜಾಸ್ತಿ ಎಂದುಕೊಂಡೆ.

ಜನವರಿಯಲ್ಲಿ ಟಿಕ್ ಟಿಕ್ ಜೋರಾಯಿತು. ಕಂಪ್ಯೂಟರು ಹೊತ್ತಿಕೊಳ್ಳಲು ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಯಿತು. ಆದರೂ ನನ್ನ ಬಳಿ ಬ್ಯಾಕಪ್ ಉಂಟಲ್ಲ ಎಂಬ ಧೈರ್ಯ. ಆಗ ಅಂಗಡಿಯವನ ಎರಡನೆಯ ಮಾತು ನೆನಪಾಗಿ ಸಾಫ್ಟ್‌ವೇರನ್ನು ತೆರೆದು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಕೆಂಪು. ಅರ್ಧಕ್ಕೆ ನಿಂತಿದೆ, ಅರ್ಧಕ್ಕೆ ನಿಂತಿದೆ, ಅರ್ಧಕ್ಕೆ ನಿಂತಿದೆ. ಆ ಮಹಾಶಯ ಪ್ರತಿದಿನ ಮೊದಲಿನಿಂದಲೇ ಶುರುಮಾಡಿ, ಮದುವೆ ಕಾಗದಗಳನ್ನೇ ಮತ್ತೆ ಮತ್ತೆ ನಕಲು ಮಾಡಿದ್ದ. ಹಾಡುಗಳ ಕಡತ ಇದ್ದದ್ದು ಸಾಲಿನ ಕೊನೆಗೆ. ಅಲ್ಲಿಗೆ ಒಂದು ದಿನವೂ ಮುಟ್ಟಿರಲಿಲ್ಲ. ಒಂದೇ ಒಂದು ಹಾಡೂ ಹೊರಗಿನ ಡಿಸ್ಕಿಗೆ ಹೋಗಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಈಗಲೇ ನಕಲು ಮಾಡುವ ಎಂದು ಇನ್ನೇನು ಗುಂಡಿ ಒತ್ತಬೇಕು, ಕರೆಂಟು ಹೋಗಿ ಪರದೆ ಕಪ್ಪಾಯಿತು. ಊಟಕ್ಕೆ ಕೂತಾಗ ನಮ್ಮವರ ಹತ್ತಿರ, "ಎತ್ತು ಏರಿಗೆ, ಕೋಣ ನೀರಿಗೆ. ನಾನು ಉಳಿಸ್ಲಿಕ್ಕೆ ನೋಡುದು, ನಿಮ್ಮ ಅಮ್ಮ ಪ್ಲಗ್ ಕೀಳುದು" ಎಂದು ಪಿಸುಗುಟ್ಟಿದೆ.

"ಯುಪಿಎಸ್ ಹಾಕಿಸುವ. ಪ್ಲಗ್ ಕಿತ್ರೂ ಕಂಪ್ಯೂಟರ್ ನಡೀತಾ ಇರ್ತದೆ. ಅಮ್ಮನಿಗೆ ಹೇಳ್ಲಿಕ್ಕೂ ಇಲ್ಲ, ಕೇಳ್ಲಿಕ್ಕೂ ಇಲ್ಲ" ಎಂದರು. ಅವರ ವಾಷರ್ ಬುದ್ಧಿಗೆ ಮೊದಲ ಸಲ ತಲೆದೂಗಿದೆ. ಆದರೂ ಸಿಡಿಲಿಲ್ಲದ ದಿನ ಸಿಡಿಲಿಗೆ ಹೆದರಬಾರದು ಎಂದು ಅತ್ತೆಗೆ ನಾಳೆ ಹೇಳಿಯೇ ಬಿಡುತ್ತೇನೆ ಎಂದು ಮನಸ್ಸು ಗಟ್ಟಿಮಾಡಿದೆ.

ಮರುದಿನ ಬೆಳಗ್ಗೆಯಿಂದ ಮನೆಗೆ ಜನ, ಬ್ಯಾಕಪ್ಪಿಗೆ ಕೂರಲು ಆಗಲಿಲ್ಲ. ಸಂಜೆ ಎಂದಿನಂತೆ ಕಂಪ್ಯೂಟರು ಹೊತ್ತಿಸಿಟ್ಟು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಕೈಯಲ್ಲಿರುವುದು ಖಾಲಿ ಕ್ಯಾನು. ಹಾಲಿನ ಕ್ಯಾನು ಅಡುಗೆಮನೆಯಲ್ಲೇ ಉಳಿದಿತ್ತು. ನನ್ನ ತಲೆಯೇ ಹಾಗೆ. ಬೈದುಕೊಳ್ಳುತ್ತ ಹಿಂದೆ ಬಂದೆ. ಅಂಗಳದ ಮೆಟ್ಟಿಲಿಗೆ ಕಾಲಿಟ್ಟದ್ದೇ, ಒಳಗಿನಿಂದ ಅತ್ತೆ ಹಾಡುವುದು ಕೇಳಿತು.

ಎಲೆ ಸರಿದ ಸ್ವರವಲ್ಲ. ಚಪ್ಪರ ತುಂಬುವ ಆ ಹಳೇ ಸ್ವರ. ದೇವರೇ, ಇವರ ಕಂಠ ತಿರುಗಿ ಬಂತು ಎಂದು ಒಂದು ಗಳಿಗೆ ನಾನು ನಿಜವಾಗಿಯೂ ನಂಬಿದೆ. ಅಷ್ಟರಲ್ಲಿ ಆ ಹಾಡಿನ ನಡುವೆ ಯಾವುದೋ ಮದುವೆಮನೆಯ ಮಗು ಅತ್ತಿತು, ಪಾತ್ರೆ ಬಿತ್ತು. ನಾನೇ ಹಿಡಿದು ತಂದ ಹಾಡು ಅದು.

ಕಿಟಕಿಯಿಂದ ಇಣುಕಿದೆ. ಅತ್ತೆ ನನ್ನ ಕುರ್ಚಿಯಲ್ಲಿ ಕೂತಿದ್ದರು. ಸೆರಗಿನಲ್ಲಿ ಕೈ ಸುತ್ತಿಕೊಂಡು, ಪರದೆಯನ್ನು ನೋಡುತ್ತ, ಹಾಡಿನ ಸಾಲು ಸಾಲಿಗೂ ತುಟಿ ಆಡಿಸುತ್ತಿದ್ದರು. ಸದ್ದಿಲ್ಲ, ತುಟಿ ಮಾತ್ರ. ಮೊದಲು ಅವರು ಎತ್ತಿಕೊಡುತ್ತಿದ್ದರು. ಈಗ ತಮ್ಮದೇ ಸ್ವರದ ಹಿಂದಿನಿಂದ ಹಿಡಿಯುತ್ತಿದ್ದರು. ನನಗೆ ಅಳು ಬಂತು. ಇಷ್ಟು ದಿನ ನಾನು ಸೊಸೈಟಿಯಲ್ಲಿ ಬ್ಯಾಕಪ್ಪಿನ ಬಡಾಯಿ ಕೊಚ್ಚುವ ಹೊತ್ತಿಗೆ ಇಲ್ಲಿ ನಡೆಯುತ್ತಿದ್ದದ್ದು ಇದು.

ಹಿಂದೆ ಸರಿಯುವಾಗ ಕ್ಯಾನು ಕಂಬಕ್ಕೆ ತಾಗಿ ಠಣ್ ಎಂದಿತು. ಒಳಗೆ ಹಾಡು ಫಕ್ಕನೆ ನಿಂತಿತು. ನಾನು ಚಾವಡಿಗೆ ಬರುವಾಗ ಅತ್ತೆ ಗೋಡೆಯ ಹತ್ತಿರ ನಿಂತಿದ್ದರು, ಪ್ಲಗ್ಗು ಕೈಯಲ್ಲಿ. ಹಾಡು ಶುರುಮಾಡಲು ನಾನು ಕಲಿಸಿದ್ದೆ, ನಿಲ್ಲಿಸಲು ಕಲಿಸಿರಲಿಲ್ಲ. ನಿಲ್ಲಿಸಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

"ಗುಡುಗಿತು" ಎಂದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು.

"ಹಾಲು ಮರ್ತೆ" ಎಂದು ಹೇಳಿ ಅಡುಗೆಮನೆಗೆ ನುಗ್ಗಿದೆ. ಗೊತ್ತಾಯಿತು ಎಂದರೆ ಅತ್ತೆ ಮತ್ತೆ ಆ ಕುರ್ಚಿಯ ಹತ್ತಿರ ಸುಳಿಯುವವರಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಆದರೆ ದಿನವೂ ಹೀಗೆ ಪ್ಲಗ್ಗು ಕಿತ್ತರೆ ಆ ಡಿಸ್ಕು ಎಷ್ಟು ದಿನ? ಅವರು ಕೇಳಿದಷ್ಟೂ ಹಾಡು ಸಾವಿಗೆ ಹತ್ತಿರ. ಮರುದಿನ ಬೆಳಗ್ಗೆ ದೋಸೆಯ ಕೆಲಸವನ್ನು ಅತ್ತೆಗೆ ಒಪ್ಪಿಸಿ ಕಂಪ್ಯೂಟರಿನ ಮುಂದೆ ಕೂತೆ. ಹಾಡುಗಳ ಕಡತವನ್ನು ಸಾಲಿನ ಮೊದಲಿಗೆ ತಂದು ಗುಂಡಿ ಒತ್ತಿದೆ. ಟಿಕ್ ಟಿಕ್ ಎನ್ನುತ್ತ ಅದು ಹೊರಟಿತು. ಒಂದು ಹಾಡಿನಲ್ಲಿ ಬಹಳ ಹೊತ್ತು ತಟಸ್ಥ ನಿಂತಿತು. ನನಗೆ ಗೊತ್ತಿದ್ದ ದೈವಗಳಿಗೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ. ಆಮೇಲೆ ಮುಂದೆ ಹೋಯಿತು. ಕೊನೆಗೊಮ್ಮೆ ಹಸಿರು ಗುರುತು ಬಂತು. ಈ ಸಲ ತೆಗೆದು ನೋಡಲು ಮರೆಯಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಂದೊಂದನ್ನೂ ಕೇಳಿದೆ. ಎಲ್ಲವೂ ಇದ್ದವು. ಒಂದರ ಕೊನೆಗೆ, "ಸಾಕು ಮಾರಾಯ್ತಿ, ಫೋನ್ ತೆಗಿ, ಊಟಕ್ಕೆ ಹೋಗುವ" ಎಂದು ಅತ್ತೆ ನನಗೇ ಹೇಳಿದ್ದೂ ಇತ್ತು.

ಆ ವಾರವೇ ಪುತ್ತೂರಿಗೆ ಹೋಗಿ ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿಸಿದೆ, ಒಳಗೆ ಏನೂ ತಿರುಗದ ಜಾತಿಯದು. ಹಾಡುಗಳನ್ನು ಮೊದಲಿದ್ದಲ್ಲಿಯೇ ಇಟ್ಟೆ, ಅದೇ ಫೋಟೋ ಹಾಕಿ.

"ಒಂದು ಯುಪಿಎಸ್ ಕೂಡ ತಕೊಳ್ಳಿ ಅಕ್ಕ" ಎಂದ ಅಂಗಡಿಯವನು. ಜೊತೆಗೆ ಬಂದಿದ್ದ ನಮ್ಮವರು ಆಗಲೇ ಕಿಸೆಗೆ ಕೈ ಹಾಕಿದ್ದರು.

"ಬೇಡ" ಎಂದೆ.

"ಮರ್ಲಾ ನಿಂಗೆ, ತಲೆ ಸರಿ ಉಂಟಾ? ಮೊನ್ನೆ ಒಪ್ಪಿದ್ದಿ."

"ಬೇಡ ಅಂದ್ರೆ ಬೇಡ." ಪ್ಲಗ್ಗು ಕಿತ್ತ ಮೇಲೂ ಹಾಡು ನಿಲ್ಲದೆ ಹೋದರೆ ಅತ್ತೆ ಎಲ್ಲಿಗೆ ಹೋಗಬೇಕು? ಇದನ್ನು ನಮ್ಮವರಿಗೆ ವಿವರಿಸಲಿಲ್ಲ. ನನ್ನ ಜಿಪುಣತನದ ಬಗ್ಗೆ ಅವರು ಜಾಲ್ಸೂರಿನಲ್ಲಿರುವ ತಮ್ಮ ತಂಗಿಗೆ ಫೋನ್ ಮಾಡಿ ಹೇಳಿದ್ದು ಆಮೇಲೆ ತಿಳಿಯಿತು.

ಈಗ ಬ್ಯಾಕಪ್ ಬೆಳಗ್ಗೆ, ನಾನು ಎದುರಿಗೆ ಕೂತಿರುವಾಗ. ಮುಗಿದ ಕೂಡಲೇ ಡಿಸ್ಕನ್ನು ಕಿತ್ತು ಕಪಾಟಿನಲ್ಲಿ ಸೀರೆಗಳ ನಡುವೆ ಇಡುತ್ತೇನೆ. ಸಂಜೆ ನಾಲ್ಕಕ್ಕೆ ಕಂಪ್ಯೂಟರನ್ನು ಮೊದಲಿನ ಹಾಗೆಯೇ ಹೊತ್ತಿಸಿಟ್ಟು, "ಬ್ಯಾಕಪ್ಪಿಗೆ ಇಟ್ಟಿದ್ದೇನೆ ಅತ್ತೆ, ಹಾಗೇ ಇರ್ಲಿ" ಎಂದು ಹೇಳಿ ಹೊರಡುತ್ತೇನೆ. ಸೊಸೈಟಿಯಿಂದ ಬರುವುದು ಸ್ವಲ್ಪ ನಿಧಾನವಾಗಿದೆ. ಅಂಗಳದ ಕೆಳಗೆ ಬಂದಾಗ ಹಾಡು ಇನ್ನೂ ಮುಗಿದಿರದಿದ್ದರೆ ಹಲಸಿನ ಮರದ ಬುಡದಲ್ಲಿ ನಿಲ್ಲುತ್ತೇನೆ. ಮುಗಿದ ಮೇಲೆ ಖಾಲಿ ಕ್ಯಾನನ್ನು ಮೆಟ್ಟಿಲಿಗೆ ಒಮ್ಮೆ ತಾಗಿಸುತ್ತೇನೆ.

ನಿನ್ನೆಯೂ ಒಳಗೆ ಬರುವಾಗ ಅತ್ತೆ ಪ್ಲಗ್ಗು ಹಿಡಿದು ನಿಂತಿದ್ದರು.

"ಗುಡುಗಿತು" ಎಂದರು.

"ಹೌದು ಅತ್ತೆ" ಎಂದೆ, "ನಂಗೂ ಕೇಳಿತು."